ಹೆಸರು ಹಿಡಿಯುವ ಪರೀಕ್ಷೆ

ಹೋದ ತಿಂಗಳು ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ಬಾಯಾರ ಬೀಳ್ಕೊಡುಗೆ ಶಾಸ್ತ್ರೋಕ್ತವಾಗಿ ನೆರವೇರಿತು. ಶಾಲು, ತೆಂಗಿನಕಾಯಿ, ಯಾವ ಮನೆಯ ಗೋಡೆಗೂ ಹೊಂದದ ಗಾತ್ರದ ಒಂದು ಗಡಿಯಾರ. ಅಧೀಕ್ಷಕರು ಮರಾಠಿಯಲ್ಲಿ ಭಾಷಣ ಮಾಡುತ್ತ, "ಮ್ಯಾಡಮ್ ಅಂದರೆ ನಮ್ಮ ಸಂಸ್ಥೆಯ..." ಎನ್ನುವವರೆಗೆ ಬಂದು ನಿಂತುಬಿಟ್ಟರು. ಮುಂದಿನ ಶಬ್ದ ಬರಲೊಲ್ಲದು. ಮೊದಲ ಸಾಲಿನವರು 'ಆಧಾರ' ಎಂದರು. ಹಿಂದಿನವರು 'ಭೂಷಣ' ಎಂದರು. ಬಾಗಿಲ ಬಳಿ ಸಮೋಸಾದ ದಾರಿ ನೋಡುತ್ತಿದ್ದವರು 'ಧನ್ಯವಾದ' ಎಂದೇ ಕೂಗಿದರು. ಬಾಯಾರು ಮಾತ್ರ ವೇದಿಕೆಯ ಮೇಲೆ ತುಟಿ ಅರ್ಧ ತೆರೆದು, ಅಧೀಕ್ಷಕರ ಬಾಯನ್ನೇ ನೋಡುತ್ತ, ಸುಮ್ಮನೆ ಕಾಯುತ್ತಿದ್ದರು. ಅವರ ಸನ್ಮಾನ ಅವರ ಕಣ್ಣೆದುರೇ ತೊಡರಿ ನಿಂತಿತ್ತು. ಒಂದು ಶಬ್ದ ಎತ್ತಿಕೊಟ್ಟಿದ್ದರೆ ಎಲ್ಲರೂ ಸಮೋಸಾಕ್ಕೆ ಹೋಗಬಹುದಿತ್ತು. ಕೊಡಲಿಲ್ಲ.

"ಕೊಟ್ಟ ಶಬ್ದಾ ಬಂದ ಶಬ್ದಾ ಅಲ್ರಿ ಡಾಕ್ಟರ," ಎಂದು ಅವರು ನನಗೆ ಹಲವು ಸಲ ಹೇಳಿದ್ದಾರೆ. "ಅಂವ ಹುಡಕ್ತಾನ. ಹುಡಕೂದು ನೋಡೂದ ನನ್ನ ಕೆಲಸ."

ಬಾಯಾರು ಎಂದೇ ಬರೆಯುತ್ತೇನೆ. ಬೆಳಗಾವಿ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಅವರು ಬೆಳಗಾವಿಯವರು, ನಾನು ಧಾರವಾಡದವ, ಇಬ್ಬರೂ ಹೊಟ್ಟೆಪಾಡಿಗೆ ಪುಣೆಗೆ ಬಂದು ಹೊರಗೆ ಮರಾಠಿಯನ್ನೂ ಒಳಗೆ ಕನ್ನಡವನ್ನೂ ಆಡಿಕೊಂಡು ತಲೆ ನರೆಸಿಕೊಂಡವರು. ಅವರು ಸಾಲಿ ಕಲಿಸಿದವರೇನಲ್ಲ. ಮಾತು ಮತ್ತು ಮೆದುಳಿನ ನಂಟನ್ನು ಪರೀಕ್ಷಿಸುವ ತಜ್ಞೆ. ಆದರೆ ಅವರ ಎದುರು ಕೂತ ರೋಗಿಗಳು, ಸಂಬಂಧಿಕರು, ಶಸ್ತ್ರಚಿಕಿತ್ಸಕರು ಎಲ್ಲರೂ ಮೂರನೆಯ ಇಯತ್ತೆಯ ಮಕ್ಕಳಂತೆ ಕೈಕಟ್ಟಿ ಕೂಡುತ್ತಿದ್ದುದರಿಂದ ಆ ಪದವಿ ತಾನಾಗಿ ಬಂತು. ನಿಜವಾದ ಹೆಸರು ಬರೆಯಕೂಡದೆಂದು ಅಪ್ಪಣೆಯಾಗಿದೆ. "ಬರೀರಿ ಬೇಕಾದ್ರ. ಹೆಸರು ಹಾಕಿದ್ರ ಮಾತ್ರ ಮಗರಪಟ್ಟಾಕ್ಕ ಬಂದು, ನಿಮ್ಮ ಬಿಲ್ಡಿಂಗಿನ ಕೆಳಗ ನಿಂತು ಜಗಳಾ ತಗೀತೀನಿ." ಅವರ ಕಂಠವನ್ನು ಬಲ್ಲ ನಾನು ಅಪಾಯಕ್ಕೆ ಕೈಹಾಕುವುದಿಲ್ಲ.

ನಾನು ಎಂ.ಆರ್.ಐ. ವಿಭಾಗದ ವೈದ್ಯ. ನೆಲಮಾಳಿಗೆಯಲ್ಲಿ ಕೂತು, ಜನರ ಒಳಗನ್ನು ನೋಡಿ, ಜನರನ್ನು ನೋಡದೆ ಸಂಬಳ ಎಣಿಸುವ ವರ್ಗಕ್ಕೆ ಸೇರಿದವ. ನನ್ನ ಈ ನೆಮ್ಮದಿಯನ್ನು ಕೆಡಿಸಿದವರು ಬಾಯಾರು.

ಅವರ ಕೆಲಸವೇನೆಂದು ಹೇಳಬೇಕು. ಅಪಸ್ಮಾರ, ಅಂದರೆ ನಾವು ಫಿಟ್ಸು ಎನ್ನುವುದು, ಬಹುಪಾಲು ಜನರಲ್ಲಿ ಗುಳಿಗೆಗೆ ಬಗ್ಗುತ್ತದೆ. ಕೆಲವರಲ್ಲಿ ಬಗ್ಗುವುದಿಲ್ಲ. ಅಂಥವರ ಮೆದುಳಿನಲ್ಲಿ ಒಂದು ಹಳೆಯ ಕಲೆ ಇದ್ದು, ಕಿಡಿ ಅಲ್ಲಿಂದಲೇ ಹಾರುತ್ತಿದ್ದರೆ, ಆ ತುಣುಕನ್ನು ಕತ್ತರಿಸಿ ತೆಗೆದು ಫಿಟ್ಸು ನಿಲ್ಲಿಸಬಹುದು. ತೊಡಕೇನೆಂದರೆ, ಕಲೆ ಎಡಗಿವಿಯ ಒಳಬದಿಗೆ ಇದ್ದರೆ ಅದರ ನೆರೆಮನೆಯಲ್ಲಿಯೇ ಮಾತು ವಾಸವಾಗಿರುತ್ತದೆ. ಕಳ್ಳನನ್ನು ಹಿಡಿಯಹೋಗಿ ನೆರೆಯವರ ಗೋಡೆ ಕೆಡವಿದರೆ ರೋಗಿ ಎಚ್ಚರವಾದ ಮೇಲೆ ವಸ್ತುಗಳ ಹೆಸರು ಬರುವುದಿಲ್ಲ, ಮನುಷ್ಯರ ಹೆಸರು ಬರುವುದಿಲ್ಲ. ಆದ್ದರಿಂದ ಮೊದಲೇ ರೋಗಿಯನ್ನು ನನ್ನ ಯಂತ್ರದ ಸುರಂಗದೊಳಗೆ ಮಲಗಿಸಿ, ಚಿತ್ರ ತೋರಿಸಿ, ಮನಸ್ಸಿನಲ್ಲೇ ಹೆಸರು ಹೇಳಿಸಿ, ಆಗ ಮೆದುಳಿನ ಯಾವ ಓಣಿಯಲ್ಲಿ ರಕ್ತದ ಓಡಾಟ ಹೆಚ್ಚಾಯಿತೆಂದು ನೋಡುತ್ತೇವೆ. ಯಂತ್ರ ನನ್ನದು, ಚಿತ್ರ ಬಾಯಾರದು. ಎಡಗಡೆ ಬಣ್ಣ ಗಟ್ಟಿಯಾಗಿದ್ದಷ್ಟೂ, ರೋಗಿ ಇವತ್ತು ಹೆಸರುಗಳನ್ನು ಪಟಪಟನೆ ಹೇಳುವವನಾಗಿದ್ದಷ್ಟೂ, ಕತ್ತರಿಸಿದ ಮೇಲೆ ಕಳೆದುಕೊಳ್ಳುವುದು ಹೆಚ್ಚು. ಇವತ್ತೇ ಹೇಳಲಾಗದವನಿಗೆ ಕಳೆದುಕೊಳ್ಳಲು ಅಷ್ಟೇನೂ ಇರುವುದಿಲ್ಲ. ಇದಿಷ್ಟು ಶಾಸ್ತ್ರ. ಇದನ್ನು ನೋಡಿ ಮುಂದೇನಾದೀತೆಂದು ಬಾಯಾರು ಹೇಳುತ್ತಿದ್ದುದರಿಂದ ಆಪರೇಷನ್ ಥಿಯೇಟರಿನವರು ಅವರನ್ನು ಬೆನ್ನ ಹಿಂದೆ ಜೋತಿಷಿ ಎನ್ನುತ್ತಿದ್ದರು. ಮುಖದೆದುರು ಎನ್ನುವ ಧೈರ್ಯವಿರಲಿಲ್ಲ.

ಪರದೆಯ ಮೇಲೆ ಕೆಂಪು ಹಳದಿ ಮೂಡಿದಾಗ ಹೊಸ ವೈದ್ಯರು ಯಾರಾದರೂ "ಆಹಾ, ಹೇಗೆ ಬೆಳಗುತ್ತಿದೆ" ಎಂದರೆ ಬಾಯಾರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. "ಮೆದುಳು ಏನೂ ಬೆಳಗೂದಿಲ್ರಿ. ಅದೇನು ಗಣಪತಿ ಮಂಟಪ ಅಲ್ಲ. ಕಂಪ್ಯೂಟರ ಲೆಕ್ಕಾ ಹಾಕಿ ಬಣ್ಣಾ ಬಳದದ. ಬಣ್ಣಾ ನಂಬಬ್ಯಾಡ್ರಿ, ಒಳಗ ಮಲಗಿದಾಕಿ ಏನು ಮಾಡ್ಲಿಕ್ಕತ್ತಿದ್ಳು ಅನ್ನೂದು ಮೊದಲು ಕೇಳ್ರಿ." ಈ ಕೊನೆಯ ಮಾತಿಗೆ ಅವರೇ ಒಂದು ದಿನ ಸಿಕ್ಕಿಬಿದ್ದರು. ಆ ಕಥೆಗೆ ಬರುತ್ತೇನೆ.

ಹೊಸ ರೋಗಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ವಯಸ್ಸಲ್ಲ, ಊರಲ್ಲ. "ನೀವು ಯಾವ ಭಾಷಾದೊಳಗ ಬೈತೀರಿ?" ವಿಮಾನ ನಗರದ ಕಂಪನಿಯೊಂದರ ಬೆಂಗಳೂರಿನ ಯುವಕನೊಬ್ಬ ಬಹಳ ಯೋಚಿಸಿ, "ಮ್ಯಾಮ್, ಆಕ್ಚುಲಿ ಆಫೀಸಲ್ಲಿ ಇಂಗ್ಲಿಷ್. ಆದ್ರೆ ಟ್ರಾಫಿಕ್‌ನಲ್ಲಿ ಯಾರಾದ್ರೂ ಅಡ್ಡ ಬಂದ್ರೆ ಆಟೊಮ್ಯಾಟಿಕ್ಕಾಗಿ ಕನ್ನಡ ಬಂದ್ಬಿಡತ್ತೆ" ಎಂದ. ಬಾಯಾರು ತಲೆಯಾಡಿಸಿ ಕನ್ನಡದ ಚಿತ್ರಮಾಲೆ ತೆಗೆದರು. ಆಸ್ಪತ್ರೆಗೆ ಮೊದಲು ಬಂದಿದ್ದ ಪರದೇಶದ ಚಿತ್ರಪುಸ್ತಕದಲ್ಲಿ ಹಿಮದ ಗುಡಿಸಲು, ನಿಲ್ಲಿಸಿ ನುಡಿಸುವ ತಂತಿವಾದ್ಯ ಇತ್ಯಾದಿ ಘನವಾದ ವಸ್ತುಗಳಿದ್ದವು. ಹಡಪಸರದ ಹಿರಿಯರೊಬ್ಬರು ಆ ವಾದ್ಯವನ್ನು ನೋಡಿ "ಮಗ್ಗ, ಮುರಿದದ್ದು" ಎಂದಾಗ, ತಪ್ಪು ಎಂದು ಗುರುತು ಹಾಕಲು ಬಾಯಾರ ಕೈ ಏಳಲಿಲ್ಲ. ಅಂದಿನಿಂದ ಆ ಪುಸ್ತಕ ಅವರ ಮೇಜಿನ ಅಲುಗಾಡುವ ಕಾಲಿನ ಕೆಳಗೆ ಸೇವೆ ಸಲ್ಲಿಸಿತು. ಅದರ ಬದಲು ಅವರು ರೋಗಿಯ ಮೊಬೈಲಿನಿಂದಲೇ ಫೋಟೋ ತೆಗೆಸಿಕೊಂಡು ಪರೀಕ್ಷೆ ಕಟ್ಟತೊಡಗಿದರು: ಅವರ ಮನೆಯ ಪಾತ್ರೆ, ಅವರ ಎಮ್ಮೆ, ಅವರ ಮಂದಿ. "ಅವರ ಮೆದುಳಿನಾಗ ಅವರ ಮಂದಿ ಇರ್ತಾರ್ರಿ, ಪರದೇಶದ ಪ್ರಾಣಿ ಇರೂದಿಲ್ಲ." ಈ ಪದ್ಧತಿಯ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆ ಇತ್ತು. ನನಗೂ ಇತ್ತು, ಯಂತ್ರ ನನ್ನದೆಂಬ ಕಾರಣಕ್ಕೆ.

ಮನೆಯಲ್ಲಿಯೂ ಅವರು ಶಬ್ದ ಎತ್ತಿಕೊಡುತ್ತಿರಲಿಲ್ಲ. ಅವರ ಯಜಮಾನರು ವಿಮಾ ಕಚೇರಿಯಿಂದ ನಿವೃತ್ತರಾದ ಸಾಧು ಮನುಷ್ಯ. ಒಮ್ಮೆ ನಾನು ಊಟಕ್ಕೆ ಹೋಗಿದ್ದಾಗ ಅವರು "ಅದನ್ನಷ್ಟು ಈ ಕಡೆ ಕೊಡು... ಅದು... ಅದಽ ಅಲ್ಲೇ..." ಎಂದರು. ಬಾಯಾರು ತುಟಿ ಅರ್ಧ ತೆರೆದು ಕಾಯತೊಡಗಿದರು. ಅನ್ನದ ಹಬೆ ನಿಂತಿತು. ನಾನು ಸೌಟಿನತ್ತ ಕೈ ಚಾಚಿದೆ, ಬಾಯಾರ ಕಣ್ಣು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ. ಕೊನೆಗೆ ಯಜಮಾನರು "ಮಜ್ಜಿಗಿ!" ಎಂದು ಗೆದ್ದವರಂತೆ ಕೂಗಿದಾಗ, "ಶಾಬಾಸ್" ಎಂದು ಬಡಿಸಿದರು. ಯಜಮಾನರು ನನ್ನ ಕಿವಿಯಲ್ಲಿ, "ಈಕಿ ಕೂಡ ಸಂಸಾರ ಮಾಡಿದಾವ ಯಾವ ಪರೀಕ್ಷಾಕ್ಕೂ ಹೆದರೂದಿಲ್ರಿ" ಎಂದರು. ಸಂಜೆ ಆ ಯಜಮಾನರು ಕೆಳಗೆ ವಾಕಿಂಗ್ ಹೋದರೆ ಬಾಯಾರು ಮೇಲಿನ ಬಾಲ್ಕನಿಯಿಂದ ಅವರನ್ನು ಅಡ್ಡಹೆಸರು ಸಹಿತ ಪೂರ್ಣ ಹೆಸರಿನಿಂದ ಕರೆಯುತ್ತಿದ್ದರು. ಇಡೀ ಸೊಸೈಟಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಬಾಯಾರ ತಾಯಿ ಕೂಡ ಗಂಡನನ್ನು ಹೆಸರಿನಿಂದ ಕರೆದವರಂತೆ, ಆ ಕಾಲದಲ್ಲಿ. ಈ ವಿಷಯ ಏಕೆ ಹೇಳುತ್ತಿದ್ದೇನೆಂದರೆ ಮುಂದಿನ ಅನಾಹುತಕ್ಕೆ ಇದೇ ಮೂಲ.

ಕೊಂಢವಾದಲ್ಲಿ ಏಳುತ್ತಿದ್ದ ಕಟ್ಟಡವೊಂದರಿಂದ ಮಾಳಮ್ಮ ಎಂಬ ಹೆಂಗಸು ಬಂದಳು. ಯಾದಗಿರಿ ಕಡೆಯವಳು. ಗಂಡ ಭೀಮರಾಯ ಗೌಂಡಿ, ಇವಳು ಇಟ್ಟಿಗೆ ಹೊರುವವಳು, ಲಕ್ಷ್ಮಿ ಎಂಬ ಒಬ್ಬಳೇ ಮಗಳು. ಚಿಕ್ಕಂದಿನಿಂದ ಫಿಟ್ಸು, ಯಾವ ಗುಳಿಗೆಗೂ ಬಗ್ಗಿರಲಿಲ್ಲ. ಏಣಿಯ ಮೇಲೆ ಒಮ್ಮೆ ಬಂದು, ಕೆಳಗೆ ಮರಳಿನ ರಾಶಿ ಇದ್ದುದರಿಂದ ಉಳಿದಿದ್ದಳು. ಎಡಗಡೆಯೇ ಕಲೆ. ಭೀಮರಾಯ ಬಾಯಿ ಬಿಡದ ಮನುಷ್ಯ. ಏನು ಕೇಳಿದರೂ ಒಮ್ಮೆ ಹೆಂಡತಿಯ ಕಡೆ ನೋಡುವನು, ಉತ್ತರ ಅಲ್ಲಿಂದ ಬರುವುದು. ಆ ಊರ ಕಡೆಯ ಕೆಲಸಗಾರರ ತಂಡಕ್ಕೆಲ್ಲ ಮಾಳಮ್ಮನೇ ಬಾಯಿ. ಕೂಲಿಯವರ ಮೇಸ್ತ್ರಿ ಮುಕಾದಮನ ಹತ್ತಿರ ಹಿಂದಿ, ಅಂಗಡಿಯಲ್ಲಿ ಮರಾಠಿ, ನಳದ ಹತ್ತಿರ ತನ್ನ ಕನ್ನಡ, ಎಲ್ಲಿಯೂ ಸೋತವಳಲ್ಲ.

"ಯಾವ ಭಾಷಾದೊಳಗ ಬೈತಿ?" ಎಂದರು ಬಾಯಾರು.

"ಎದುರಿಗಿದ್ದಾಂವಗ ಯಾವುದು ತಿಳೀತದೋ ಅದರಾಗರಿ," ಎಂದಳು ಮಾಳಮ್ಮ. "ಸಿಟ್ಟು ಭಾಳ ಬಂದ್ರ ನಮ್ಮದರಾಗ."

ಬಾಯಾರು ಮೊದಲ ನೋಟಕ್ಕೇ ಮಾರುಹೋದರು. ಆಪರೇಷನ್ನಿನ ವಿಷಯ ಬಿಡಿಸಿ ಹೇಳಿದಾಗ ಮಾಳಮ್ಮ ಕೇಳಿದ್ದು ಒಂದೇ ಮಾತು. "ಫಿಟ್ಸು ಹೋಗಲಿರಿ ಬಾಯಿ, ಮಾತು ಹೋಗಬಾರ್ದು. ಈ ಮನಷ್ಯಾ ಮಾತಾಡಲ್ರಿ. ನಾನೂ ಮೂಕಿ ಆಗಿ ಕುಂತ್ರ ನಮ್ಮ ಮನ್ಯಾಗ ಬರೇ ಕುಕ್ಕರ್ ಮಾತಾಡ್ತದ." ಭೀಮರಾಯ ತಲೆ ತಗ್ಗಿಸಿ ಒಪ್ಪಿಗೆ ಸೂಚಿಸಿದ.

ಮರುದಿನ ಪರೀಕ್ಷೆ. ಭೀಮರಾಯನ ಮೊಬೈಲಿನಿಂದ ಫೋಟೋಗಳು ಬಂದಿದ್ದವು. ಗಂಡನ ಮೊಬೈಲಾದ್ದರಿಂದ ಅದರ ತುಂಬ ಗಂಡನ ಮನೆಯವರು: ಮಾವ, ಅತ್ತೆ, ಮೈದುನರು, ದೊಡ್ಡ ಭಾವ, ನೆಗೆಣ್ಣಿಯರು, ಹಬ್ಬದ ಅಂಗಿಯಲ್ಲಿ ಸ್ವತಃ ಭೀಮರಾಯ, ನಡುವೆ ಅಲ್ಲೊಂದು ಇಲ್ಲೊಂದು ಎಮ್ಮೆ. ಎಮ್ಮೆಯ ಹೆಸರನ್ನು ಮಾಳಮ್ಮ ಠಣ್ಣೆಂದು ಹೇಳಿದಳು. ಮಾವನ ಚಿತ್ರ ಬಂತು, ಮೌನ. ಅತ್ತೆ, ಮೌನ. ದೊಡ್ಡ ಭಾವ, ಮೌನ. ಗಂಡನ ಚಿತ್ರ ಬಂದಾಗ ಸೆರಗು ತುಟಿಗೆ ಒತ್ತಿಕೊಂಡು ನೆಲ ನೋಡಿದಳು. ಬಾಯಾರು ತುಟಿ ಅರ್ಧ ತೆರೆದು, ತಮ್ಮ ವೃತ್ತಿಧರ್ಮದಂತೆ, ಕಾದರು. ಏನೂ ಬರಲಿಲ್ಲ. ಆಮೇಲೆ ಸುರಂಗದೊಳಗೆ ಮಲಗಿಸಿ ಅವೇ ಚಿತ್ರ ತೋರಿಸಿ, "ಬಾಯಿ ತೆರೀಬ್ಯಾಡ, ಮನಸಿನಾಗ ಅನ್ನು" ಎಂದಾಯಿತು. ಪರದೆಯ ಮೇಲೆ ಬಣ್ಣ ತೆಳ್ಳಗೆ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು, ಮಳೆ ನಿಂತ ಮೇಲಿನ ಕೊಚ್ಚೆಯಂತೆ.

ಬಾಯಾರ ಮುಖ ಇಳಿಯಿತು. ನಾನು ಚಿತ್ರ ಓದಿ ಸಹಿ ಹಾಕಿದೆ, ಅವರು ಪರೀಕ್ಷೆಯ ಅಂಕ ಹಾಕಿದರು. ಸಭೆಯಲ್ಲಿ ಶಸ್ತ್ರಚಿಕಿತ್ಸಕರು ಎರಡನ್ನೂ ನೋಡಿ ಸರಳವಾದ ತೀರ್ಮಾನಕ್ಕೆ ಬಂದರು: ಹೆಸರು ಹೇಳುವ ಶಕ್ತಿ ಈಗಲೇ ಹೋಗಿದೆ, ಮಾತು ಎಡಗಡೆ ಗಟ್ಟಿಯಾಗಿ ನಿಂತಿಲ್ಲ, ಕಾಪಾಡಲು ಏನೂ ಉಳಿದಿಲ್ಲವಾದ್ದರಿಂದ ಧೈರ್ಯವಾಗಿ ಅಗಲಕ್ಕೆ ತೆಗೆಯಬಹುದು, ಫಿಟ್ಸು ಬೇರುಸಮೇತ ಹೋಗುತ್ತದೆ. ಅವರು ಸದಾಶಿವ ಪೇಠೆಯ ಮರಾಠಿಗರು, ಅಳೆದು ತೂಗಿ ಮಾತಾಡುವವರು. ಅವರ ತರ್ಕದಲ್ಲಿ ದೋಷವಿರಲಿಲ್ಲ. ಬಾಯಾರು ಮಾತ್ರ "ಅಷ್ಟು ಮಾತಾಡಾಕಿಗೆ ಹೆಸರು ಬರೂದಿಲ್ಲಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಯಾರೂ ಅವರಿಗೆ ಶಬ್ದ ಎತ್ತಿಕೊಡಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಬಾಯಾರೂ ನಾನೂ ಕ್ಯಾಂಟೀನಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ವರಾಂಡದ ಆ ತುದಿಯಲ್ಲಿ ಮಾಳಮ್ಮ, ಈ ತುದಿಯಲ್ಲಿ ಭೀಮರಾಯ. ಮಾಳಮ್ಮ ಇಟ್ಟಿಗೆ ಹೊತ್ತ ಎದೆಯಿಂದ ಕೂಗಿದಳು: "ಏ ಲಕ್ಷ್ಮೀ ಅಪ್ಪಾ! ಡಬ್ಬಿ ಅಲ್ಲೇ ಬಿಟ್ಟಿ ನೋಡು!"

ಬಾಯಾರು ಚಹಾ ಕೆಳಗಿಟ್ಟರು. ಕಪ್ಪು ಬಸಿಯ ಮೇಲೆ ಕೂಡಲಿಲ್ಲ, ನನ್ನ ಪ್ಯಾಂಟಿನ ಮೇಲೆ ಕೂತಿತು. ಅದನ್ನು ಗಮನಿಸದೆ ಅವರು ಮಾಳಮ್ಮನ ಕಡೆ ಹೆಚ್ಚುಕಡಿಮೆ ಓಡಿದರು.

"ಲಕ್ಷ್ಮೀ ಅಪ್ಪನ ಹೆಸರೇನು?"

ಮಾಳಮ್ಮ ಸೆರಗು ತುಟಿಗೊತ್ತಿದಳು. ಅದೇ ಮೌನ, ಅದೇ ನೆಲ.

"ಬರೂದಿಲ್ಲೋ, ಹಿಡಿಯೂದಿಲ್ಲೋ?"

"ಅಯ್ಯ ಬಾಯಿ, ಹ್ಯಾಂಗ ಹಿಡೀಲಿರಿ? ಗಂಡನ ಹೆಸರು, ಮಾವನ ಹೆಸರು, ಅತ್ತಿ ಹೆಸರು ಹಿಡೀತಾರೇನ್ರಿ ಯಾರರ?"

"ಮತ್ತ ಪರೀಕ್ಷಾದಾಗ ಹೇಳಬೇಕಿಲ್ಲೋ ಹಂಗಂತ!"

"ನೀವಽ ಪರೀಕ್ಷಾ ಅಂದ್ರೆಲ್ಲರಿ," ಎಂದಳು ಮಾಳಮ್ಮ, ಪೂರ್ಣ ಗೌರವದಿಂದ. "ದೊಡ್ಡೋರ ಚಿತ್ರಾ ಒಂದಾದ ಮ್ಯಾಲ ಒಂದು ತೋರಸಾಕತ್ತೀರಿ. ಈಕಿ ಮರ್ಯಾದಿ ಇದ್ದಾಕಿ ಹೌದೋ ಅಲ್ಲೋ, ಬಾಯಿ ಬಿಡ್ತಾಳೋ ಇಲ್ಲೋ ನೋಡಾಕತ್ತಾರ ಅನ್ಕೊಂಡೆ. ಆ ಡಬ್ಬ್ಯಾಗ ಮಲಗಿಸಿ ಮನಸಿನಾಗ ಅನ್ನು ಅಂದ್ರಿ. ಮನಸಿನಾಗೂ ಅನ್ಲಿಲ್ಲ ನೋಡ್ರಿ! ಅಷ್ಟು ಸಸ್ತಾ ಬೀಳಾಕಿ ಅಲ್ಲ ನಾ."

ಆಕೆಯ ಲೆಕ್ಕದಲ್ಲಿ ಆಕೆ ಪೂರ್ತಿ ಅಂಕ ಪಡೆದು ಪಾಸಾಗಿದ್ದಳು.

ಬಾಯಾರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಮುಖ ಬೂದಿಯಾಯಿತು. "ಡಾಕ್ಟರ, ನಾಳೆ ಅಗಲ ತಗೀತಾರ್ರಿ," ಎಂದರು. "ಈಕಿ ಒಳಗ ಎಲ್ಲಾ ಹೆಸರೂ ಅವ. ಎಲ್ಲಾ ಹೋಗ್ತಿದ್ದವು. ನನ್ನ ಅಂಕದ ಮ್ಯಾಲ."

ಮದುವೆಯಾದಂದಿನಿಂದ ನನ್ನ ಮನೆಯಲ್ಲಿ ನನ್ನ ಹೆಸರು 'ನೋಡ್ರಿ ಇಲ್ಲೆ' ಎಂದಿದೆ. ಅದಕ್ಕೆ ಓಗೊಟ್ಟೇ ಮುದುಕನಾದ ವೈದ್ಯ, ಗಂಡನ ಚಿತ್ರದ ಮುಂದೆ ಮೌನವಾದ ಮೆದುಳನ್ನು ನೋಡಿ 'ಶಕ್ತಿ ಕ್ಷೀಣ' ಎಂದು ಬರೆದಿದ್ದ. ಬಾಲ್ಕನಿಯಿಂದ ಗಂಡನ ಹೆಸರು ಕೂಗುವ ಬಾಯಾರಿಗೆ ಹೊಳೆಯದಿದ್ದರೆ ಕ್ಷಮೆಯಿದೆ.

ಶಸ್ತ್ರಚಿಕಿತ್ಸಕರ ಕೋಣೆಗೆ ಬಾಯಾರು ಬಾಗಿಲು ತಟ್ಟದೆ ಹೋಗಿ, ನಾಳೆಯ ಆಪರೇಷನ್ ನಿಲ್ಲಿಸಿ ಎಂದರು. ನಾನು ಒದ್ದೆ ಪ್ಯಾಂಟಿನಲ್ಲಿ ಹಿಂದೆ.

"ಮ್ಯಾಡಮ್, ಕಾಯ ಸಾಂಗತಾಯ್! ಏನು ಹೇಳುತ್ತಿದ್ದೀರಿ!" ಎಂದು ಅವರು ಕುರ್ಚಿಯಿಂದ ಎದ್ದರು. "ಥಿಯೇಟರ್ ಬುಕ್ ಆಗಿದೆ, ರಕ್ತ ತರಿಸಿದ್ದೇವೆ, ಆ ಹೆಂಗಸು ನಾಳೆಯ ಉಪವಾಸಕ್ಕೆ ತಯಾರಾಗಿದ್ದಾಳೆ."

"ತಪ್ಪು ನನ್ನದು. ಪರೀಕ್ಷೆ ತಪ್ಪು. ನಾಳೆ ಕತ್ತರಿಸಕೂಡದು," ಎಂದು ಬಾಯಾರು ಮರಾಠಿಯಲ್ಲೇ ಹೇಳಿ, ಕಾರಣವನ್ನೂ ಹೇಳಿದರು. ದೊಡ್ಡ ವಾದಕ್ಕೆ ಸಿದ್ಧವಾಗಿ ಹೋಗಿದ್ದೆವು. ಆದರೆ ಶಸ್ತ್ರಚಿಕಿತ್ಸಕರು ಅರ್ಧದಲ್ಲೇ ಹಣೆಗೆ ಕೈ ಹೊಡೆದುಕೊಂಡರು. ಅವರ ತಾಯಿ ಬದುಕಿನುದ್ದಕ್ಕೂ ಅವರ ತಂದೆಯನ್ನು 'ಅಹೋ', ಅಂದರೆ ನಮ್ಮ 'ರೀ', ಎಂದು ಮಾತ್ರ ಕರೆದವರು. ಬಾಯಾರೊಬ್ಬರನ್ನು ಬಿಟ್ಟರೆ, ಹೀಗೆ ಹೆಸರು ಹಿಡಿಯದ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ ಒಂದು ಪಂಡಿತ ಮಂಡಳಿ ದುಂಡುಮೇಜಿನ ಸುತ್ತ ಕೂತು, ಹೆಸರು ಹಿಡಿಯದ ಹೆಂಗಸಿಗೆ ಮೆದುಳಿಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಿತ್ತು.

ಆಪರೇಷನ್ ಮುಂದಕ್ಕೆ ಹೋಯಿತು. ಎರಡನೆಯ ಸಲ ಬಾಯಾರು ಚಿತ್ರಗಳನ್ನು ಮಾಳಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆರಿಸಿದರು. ಮಾವ, ಅತ್ತೆ, ಭಾವಂದಿರಿಗೆ ಗೌರವಪೂರ್ವಕ ನಿವೃತ್ತಿ. ಬದಲಿಗೆ ತವರಿನ ತಮ್ಮಂದಿರು, ಕೆಲಸದ ಗೆಳತಿಯರು, ಗಾರೆ ಬಳಿಯುವ ಕರಣಿ, ಬುಟ್ಟಿ, ತವೆ. ಗಂಡನ ಚಿತ್ರದ ಹತ್ತಿರ ಬಂದು ಬಾಯಾರು ಕೇಳಿದರು: "ಒಡಪಿನ್ಯಾಗಾದ್ರ ಹಿಡೀತಿಯೋ?"

ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದ ಸಾಲಿನಲ್ಲಿ ಹೊಸೆದು ಹೇಳುವುದುಂಟು. ಬರಿಯ ಹೆಸರು ನಿಷಿದ್ಧ, ಒಡಪಿನಲ್ಲಿ ಸುತ್ತಿದ್ದು ಶೋಭೆ. ಮಾಳಮ್ಮನ ಕಣ್ಣು ಅರಳಿತು. "ಅದಕ್ಕೇನ್ರಿ! ಮದಿವ್ಯಾಗ ಹೇಳಿದ್ದು ಬ್ಯಾರೆ. ಇದು ಪುಣಾಕ್ಕ ಬಂದ ಮ್ಯಾಲ ಕಟ್ಟಿದ್ದು, ಕೇಳ್ರಿ" ಎಂದು ಗಂಟಲು ಸರಿಮಾಡಿಕೊಂಡಳು:

"ಇಟ್ಟಂಗಿ ಹೊತ್ತೀನಿ, ಏಣಿ ಹತ್ತೀನಿ, ಕಟ್ಟೀನಿ ಮಂದಿ ಮಾಳಿಗಿ,
ಭೀಮರಾಯರ ಹೆಸರ ಹೇಳತೀನಿ, ಮುಡದೀನಿ ದುಂಡ ಮಲ್ಲಿಗಿ."

ಮೂಲೆಯಲ್ಲಿದ್ದ ಭೀಮರಾಯ ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದ. ಬಾಯಾರು "ಇದನ್ನ ಒಳಗ ಅನ್ನು. ತುಟಿ ಅಳ್ಳಾಡಬಾರ್ದು" ಎಂದು ಯಂತ್ರದೊಳಗೆ ಕಳಿಸಿದರು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ನನ್ನ ಯಂತ್ರ ಕೇಳಿಸಿಕೊಂಡ ಮೊದಲ ಒಡಪು ಅದೇ ಇರಬೇಕು. ಈ ಸಲ ಎಡಗಡೆ ಬಣ್ಣ ಗಟ್ಟಿಯಾಗಿ ಬಂತು, ಕಲೆಯ ಬಾಗಿಲಿಗೇ ಒತ್ತಿಕೊಂಡು. ನಾನು "ಬೆಳಗಿತು" ಎಂದುಬಿಟ್ಟೆ. ಬಾಯಾರು ಅಂದು ತಿದ್ದಲಿಲ್ಲ.

ಅಗಲಕ್ಕೆ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಕಲೆಯ ಮಗ್ಗುಲಲ್ಲೇ ಬಿಗಿಯಾಗಿ ತೆಗೆಯುವುದೆಂದಾಯಿತು. ಆದರೂ ಬಾಯಾರು ಮಾಳಮ್ಮನಿಗೆ ಸುಳ್ಳು ಹೇಳಲಿಲ್ಲ.

"ಸ್ವಲ್ಪ ದಿನಾ ಹೆಸರು ಸಿಗೂದಿಲ್ಲ. ಆಮ್ಯಾಲ ಭಾಳಷ್ಟು ತಿರುಗಿ ಬರ್ತಾವ ಅಂತ ನನ್ನ ಅಂದಾಜು. ಖಾತ್ರಿ ಕೊಡೂದಿಲ್ಲ. ಒಮ್ಮೆ ನನ್ನ ಅಂದಾಜು ತಪ್ಪಿದ್ದು ನೋಡೀಯಲ್ಲ ನೀನು. ಬ್ಯಾಡ ಅಂದ್ರ ಬ್ಯಾಡ."

"ಯಾವ ಹೆಸರು ಮೊದಲು ಹೋಗ್ತಾವ್ರಿ?"

"ಮಂದೀವು. ಪಾತ್ರಿ ಪಗಡಾ ಉಳದ್ರೂ ಉಳೀಬಹುದು."

"ಬೈಗುಳ?"

"ಅವು ಎಲ್ಲೂ ಹೋಗೂದಿಲ್ಲ. ಅವುಗಳ ಮನಿ ಬ್ಯಾರೆ."

ಮಾಳಮ್ಮ ಭೀಮರಾಯನ ಕಡೆ ನೋಡಿದಳು. ಈ ಸಲ ಆಕೆ ಅವನ ಕಡೆ ನೋಡಿದಳು, ಉತ್ತರಕ್ಕಾಗಿ. ಅವನು ತನ್ನ ಕೈ ನೋಡಿಕೊಂಡು, "ಏಣಿ ಮ್ಯಾಲಿಂದ ಬೀಳೂದು ನೋಡಾಕ ಆಗಲ್ಲ" ಎಂದ. "ಹಂಗಾರ ಮಾಡ್ರಿ," ಎಂದಳು ಮಾಳಮ್ಮ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದರ ಮರುದಿನ ಬೆಳಿಗ್ಗೆ ನಾನು ಮೇಲಿನ ವಾರ್ಡಿಗೆ ಹೋದೆ. ನೆಲಮಾಳಿಗೆಯ ವೈದ್ಯ ವಾರ್ಡಿಗೆ ಹೋಗುವುದು ಗ್ರಹಣದಷ್ಟು ಅಪರೂಪ. ಕಾರಣ ವೈದ್ಯಕೀಯವೆಂದು ಎಲ್ಲರಿಗೂ ಹೇಳಿದೆ. ತಲೆಗೆ ಪಟ್ಟಿ ಕಟ್ಟಿಕೊಂಡು ಮಾಳಮ್ಮ ಒರಗಿ ಕೂತಿದ್ದಳು. ಬಾಯಾರು ಕರಣಿಯ ಚಿತ್ರ ಹಿಡಿದಿದ್ದರು.

"ಅದು... ಅದರಿ... ಸಿಮಿಟಿ ಬಳಿಯೂದು. ಛೀ ಇದರ ಅವ್ವನ!" ಬೈಗುಳದ ಬಗ್ಗೆ ಬಾಯಾರ ಭವಿಷ್ಯ ನಿಜವಾಗಿತ್ತು. ತಮ್ಮನ ಚಿತ್ರ ತೋರಿಸಿದರು. ತಮ್ಮ ಎಂದಳು, ಹೆಸರು ಬರಲಿಲ್ಲ. ಗೆಳತಿಯದೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಬಾಯಾರು ತುಟಿ ಅರ್ಧ ತೆರೆದು ಕಾಯುತ್ತಿದ್ದರು. ಶಬ್ದ ಎತ್ತಿಕೊಡಬಾರದೆಂಬ ಅವರ ಧರ್ಮ ಅವತ್ತು ಅವರಿಗೆ ಎಷ್ಟು ಭಾರವಾಗಿತ್ತೆಂಬುದು ಮಂಚದ ಸರಳನ್ನು ಹಿಡಿದ ಅವರ ಬೆರಳುಗಳಲ್ಲಿ ಕಾಣುತ್ತಿತ್ತು.

ಭೀಮರಾಯ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ. ಮಾಳಮ್ಮನಿಗೆ ನೀರಡಿಸಿತು. ಅವನನ್ನು ಕರೆಯಲು ಬಾಯಿ ತೆರೆದಳು. "ಏ... ಏ..." ಲಕ್ಷ್ಮಿಯ ಹೆಸರು ಬರಲೊಲ್ಲದು. ಮಗಳ ಹೆಸರಿಲ್ಲದೆ ಮಗಳ ಅಪ್ಪನನ್ನು ಕರೆಯುವ ದಾರಿಯೇ ಇರಲಿಲ್ಲ. "ಏ... ಅಕಿ ಅಪ್ಪಾ... ಏ..." ಅವನಿಗೆ ಕೇಳಿಸಲಿಲ್ಲ. ಮಾಳಮ್ಮ ಕಣ್ಣು ಮುಚ್ಚಿದಳು, ಕತ್ತಿನ ನರ ಉಬ್ಬಿತು.

"ಭೀಮರಾಯಾ!"

ಇಡೀ ವಾರ್ಡಿಗೆ ಕೇಳುವಂತೆ. ಭೀಮರಾಯ ಸಾಲಿಯಲ್ಲಿ ಹಾಜರಿ ಕೂಗಿಸಿಕೊಂಡವನಂತೆ "ಆಂ!" ಎಂದು ನೆಟ್ಟಗೆ ತಿರುಗಿದ. ಮಾಳಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಭೀಮರಾಯ ಹೆಂಡತಿಯನ್ನು ನೋಡಿ, ಪಟ್ಟಿ ಕಟ್ಟಿದ ತಲೆಯನ್ನು ನೋಡಿ, ಗಾಬರಿಯಿಂದ ಬಾಯಾರ ಹತ್ತಿರ ಬಂದ. "ಮ್ಯಾಡಮ್ಮರೆ, ಒಳಗ ಏನರ ತಪ್ಪು ಕೊಯ್ದಾರೇನ್ರಿ?"

"ಏನೂ ತಪ್ಪು ಕೊಯ್ದಿಲ್ಲ," ಎಂದರು ಬಾಯಾರು. "ಮಂದಿ ಹೆಸರು ಮೊದಲು ಹೋಗ್ತಾವ ಅಂದಿದ್ದೆ. ನಿಮ್ಮದೊಂದು ಹೋಗಿಲ್ಲ. ನೀರು ಕೊಡ್ರಿ ಆಕಿಗೆ." ಎಂದು ಕನ್ನಡಕ ಒರೆಸಲು ಹೊರಗೆ ಹೋದವರು ಬಹಳ ಹೊತ್ತು ಒರೆಸಿದರು.

ಲಕ್ಷ್ಮಿಯ ಹೆಸರು ಕೆಲವೇ ದಿನಗಳಲ್ಲಿ ಬಂತು. ತಮ್ಮಂದಿರು, ಗೆಳತಿಯರು, ಕರಣಿ, ಒಬ್ಬೊಬ್ಬರಾಗಿ ಬಂದರು. ಮುಂದೆ ತಿಂಗಳುಗಳಾದ ಮೇಲೆ ಪರೀಕ್ಷೆಗೆ ಬಂದಾಗ ಮಾಳಮ್ಮನಿಗೆ ಒಮ್ಮೆಯೂ ಫಿಟ್ಸು ಬಂದಿರಲಿಲ್ಲ, ಮುಕಾದಮ ಮತ್ತೆ ಆಕೆಗೆ ಹೆದರತೊಡಗಿದ್ದ. ಯಾವುದೋ ಅಪರೂಪದ ಹೆಸರಿಗೆ ಇನ್ನೂ ಸ್ವಲ್ಪ ತಡವರಿಸುತ್ತಿದ್ದಳು, ಅಷ್ಟೇ. ಆದರೆ ಗಂಡನನ್ನು ಈಗಲೂ ಭೀಮರಾಯಾ ಎಂದೇ ಕರೆಯುತ್ತಿದ್ದಳು.

"ಲಕ್ಷ್ಮೀ ಅಪ್ಪಾ ಅನ್ನಾಕ ಈಗ ಬರ್ತದಲ್ಲ?" ಎಂದರು ಬಾಯಾರು.

"ಬರ್ತದ್ರಿ. ಆದ್ರ ಒಮ್ಮೆ ಬಾಯಾಗ ಬಂದದ್ದು ಮತ್ತ ಒಳಗ ಹ್ಯಾಂಗ ಹಾಕಲಿ? ರುಚಿ ಹತ್ತ್ಯಾದ."

ಬಾಯಾರು ಭೀಮರಾಯನ ಕಡೆ ತಿರುಗಿದರು. "ಮತ್ತ ನಿಮಗೇನು ಸಿಟ್ಟಿಲ್ಲ?"

ಅವನು ರೂಢಿಯಂತೆ ಹೆಂಡತಿಯ ಕಡೆ ನೋಡಿದ. ಆಕೆ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಬೇರೆ ದಾರಿಯಿಲ್ಲದೆ ಅವನೇ ಹೇಳಿದ. "ಸೈಟಿನ್ಯಾಗ ನನಗ ಮಾಳಮ್ಮನ ಗಂಡ ಅಂತಾರ್ರಿ. ಊರಾಗ ಲಕ್ಷ್ಮೀ ಅಪ್ಪ. ನಮ್ಮವ್ವ ಹೋದ ಮ್ಯಾಲ ಆ ಹೆಸರು ಯಾರೂ ಕರದಿದ್ದಿಲ್ರಿ. ಕರೀಲಿ ಬಿಡ್ರಿ."

ಬಾಯಾರು ಚಿತ್ರಗಳನ್ನು ಕಟ್ಟಿಟ್ಟರು. "ಇನ್ನೊಮ್ಮೆ ಕರೀ ಅವರನ್ನ" ಎಂದರು ಮಾಳಮ್ಮನಿಗೆ.

"ಪರೀಕ್ಷಾ ಏನ್ರಿ ಇದೂ?"

"ಅಲ್ಲ. ಸುಮ್ನ."

ಮಾಳಮ್ಮ ಕರೆದಳು. ಮಾರು ದೂರದಲ್ಲಿ ಕೂತಿದ್ದ ಭೀಮರಾಯ "ಆಂ" ಎಂದ. ಆ ಕರೆಗೆ ಯಾವ ವೈದ್ಯಕೀಯ ಅಗತ್ಯವೂ ಇರಲಿಲ್ಲವೆಂದು ವಿಭಾಗದ ಹಿರಿಯ ವೈದ್ಯನಾಗಿ ನಾನು ಈ ಮೂಲಕ ಪ್ರಮಾಣೀಕರಿಸುತ್ತೇನೆ.